ಎಪ್ಪತ್ತೆರಡನೇ ನಂಬರಿಗೆ ಒಬ್ಬ ಟ್ರಸ್ಟಿ

ನಾನು ಟ್ರಸ್ಟಿಯಾದದ್ದು ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ. ಬಿಟ್ಟಂಗಾಲದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್ ಆಗಿದ್ದೆ. ಬೆಳಿಗ್ಗೆ ಏಳೂವರೆಗೆ ಆಳುಗಳ ಹಾಜರಿ ಕೂಗುವುದು, ಯಾರು ಯಾವ ಕಡೆಗೆ ಎಂದು ಹಂಚುವುದು, ಶನಿವಾರ ಸಂಬಳದ ಪಟ್ಟಿ ಬರೆಯುವುದು, ಇದಿಷ್ಟು ರೈಟರನ ಕೆಲಸ. ನಮ್ಮ ಕಂಪನಿ ತನ್ನ ಕೆಲಸಗಾರರ ಪಿಎಫ್, ಪಿಂಚಣಿಯ ಕೆಲಸ ನೋಡಿಕೊಳ್ಳಲು ತನ್ನದೇ ಒಂದು ಟ್ರಸ್ಟ್ ಮಾಡಿಕೊಂಡಿತ್ತು. ಅದಕ್ಕೆ ಕಂಪನಿಯ ಕಡೆಯಿಂದ ಮೂವರು, ಕೆಲಸಗಾರರ ಕಡೆಯಿಂದ ಮೂವರು ಟ್ರಸ್ಟಿಗಳು. ಕೆಲಸಗಾರರ ಕಡೆಯ ಒಬ್ಬ ತೀರಿಕೊಂಡು ಜಾಗ ಖಾಲಿಯಾಗಿತ್ತು. ಮ್ಯಾನೇಜರ್ ನನ್ನನ್ನು ಬಂಗಲೆಗೆ ಕರೆಸಿ ಕಾಫಿ ಕೊಡಿಸಿದರು.

"ರೈಟರೇ, ನಿಮ್ಮ ಹೆಸರು ಹಾಕಿದ್ದೇನೆ. ಮೂರು ತಿಂಗಳಿಗೊಮ್ಮೆ ಮೀಟಿಂಗ್. ಸೈನ್ ಮಾಡಿ, ವಡೆ ತಿನ್ನಿ, ಹೋಗಿ. ಅಷ್ಟೇ ಮಾರಾಯರೆ."

ನನ್ನನ್ನು ಕೆಲಸಗಾರರು ಆರಿಸಲಿಲ್ಲ. ಅವರನ್ನು ಯಾರೂ ಕೇಳಲೂ ಇಲ್ಲ. ಓದು ಬರಹ ಬಲ್ಲವನು, ತಕರಾರು ಮಾಡದವನು ಎಂದು ಮ್ಯಾನೇಜರಿಗೆ ನಾನು ಕಂಡೆ, ಅಷ್ಟೇ. ನನಗೂ ಬೇಸರವಾಗಲಿಲ್ಲ. ಮೂರು ವರ್ಷ ಅವರು ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆ ಸೈನ್ ಮಾಡಿ ವಡೆ ತಿಂದು ಬಂದೆ. ಕಾಗದದಲ್ಲಿ ಏನಿದೆ ಎಂದು ಒಂದು ದಿನವೂ ಕೇಳಲಿಲ್ಲ.

ನಮ್ಮಂಥ ಟ್ರಸ್ಟುಗಳ ಮೇಲೆ ಕಣ್ಣಿಡುವ ಸರಕಾರಿ ಕಚೇರಿ ಇದೆ ಎಂಬುದು ಗೊತ್ತಿತ್ತು. ನಮ್ಮಲ್ಲಿ ಅದನ್ನು ಮೇಲಿನ ಆಫೀಸು ಅನ್ನುತ್ತಿದ್ದರು. ಅಲ್ಲಿಂದ ಕಾಗದ ಬಂದರೆ ಮ್ಯಾನೇಜರಿಗೆ ಹೊಟ್ಟೆನೋವು ಬಂದ ಹಾಗೆ ಮುಖ ಆಗುತ್ತಿತ್ತು. ಒಂದು ಸಲ ಬಂದ ಕಾಗದದಲ್ಲಿ, ಎಲ್ಲ ಎಸ್ಟೇಟುಗಳ ಟ್ರಸ್ಟಿಗಳೂ ಪೊನ್ನಂಪೇಟೆಯಲ್ಲಿ ಒಂದು ದಿನದ ತರಬೇತಿಗೆ ಬರಬೇಕು, ಕೆಲಸಗಾರರ ಕಡೆಯವರು ತಪ್ಪದೆ ಬರಬೇಕು ಎಂದಿತ್ತು. ಮ್ಯಾನೇಜರ್ ಕಾಗದವನ್ನು ನನ್ನ ಕಡೆ ತಳ್ಳಿ, "ಹೋಗಿ, ಊಟ ಇರ್ತದೆ" ಅಂದರು. ಊಟಕ್ಕೇ ಹೋದೆ.

ಪಾಠ ಹೇಳಿದವರು ಆ ಕಚೇರಿಯ ಒಬ್ಬ ಅಧಿಕಾರಿ. ಧಾರವಾಡದ ಕಡೆಯ ಹೆಂಗಸು, ನಲವತ್ತರ ಆಸುಪಾಸು. ನಾವೆಲ್ಲ ಹಿಂದಿನ ಬೆಂಚಿಗೆ ಒತ್ತಿಕೊಂಡು ಕೂತಿದ್ದೆವು. ಅವರು ಮುಂದಿನ ಖಾಲಿ ಕುರ್ಚಿಗಳನ್ನು ತಾವೇ ಎತ್ತಿ ಹಿಂದಕ್ಕೆ ತಂದು ನಮ್ಮ ನಡುವೆ ಕೂತರು.

"ನೋಡ್ರಿ, ಟ್ರಸ್ಟಿ ಅಂದ ಕೂಡ್ಲೆ ನೀವು ಮಾಲಕರ ಮಂದಿ ಅಲ್ಲ, ಯೂನಿಯನ್ ಮಂದೀನೂ ಅಲ್ಲ. ಯಾರು ದುಡದು ಮುಪ್ಪಿಗೆ ಅಂತ ಇಟ್ಟಾರ, ಅವರ ಮಂದಿ. ಅವರಿಗೆ ಈ ಕಾಗದ ಓದಾಕ ಬರೂದಿಲ್ಲ. ಅದಕ್ಕ ನೀವು ಓದಬೇಕು."

ನನ್ನ ಮೂರು ವರ್ಷದ ವಡೆ ಅಷ್ಟೂ ಗಂಟಲಿಗೆ ಬಂದ ಹಾಗಾಯಿತು. ಅವರು ಬೈಯಲಿಲ್ಲ, ಹೆದರಿಸಲಿಲ್ಲ. ಕನ್ನಡದಲ್ಲಿ ಅಚ್ಚು ಮಾಡಿಸಿದ ಸಣ್ಣ ಪುಸ್ತಕ ಕೊಟ್ಟರು. ಟ್ರಸ್ಟಿ ಏನು ಕೇಳಬೇಕು, ಯಾವುದಕ್ಕೆ ಸೈನ್ ಮಾಡಬಾರದು, ಸದಸ್ಯರನ್ನು ಹೇಗೆ ಮುಖಾಮುಖಿ ಕಂಡು ದಾಖಲೆ ಸರಿನೋಡಬೇಕು, ಎಲ್ಲ ಅದರಲ್ಲಿತ್ತು. ಕೊನೆಗೆ ತಮ್ಮ ಫೋನ್ ನಂಬರನ್ನು ಬೋರ್ಡಿನ ಮೇಲೆ ಬರೆದರು.

"ತಪ್ಪಾದ್ರ ಹೇಳ್ರಿ. ಹೇಳಿದ ತಪ್ಪಿಗೆ ಏನಾರ ದಾರಿ ಹುಡುಕೂಣು. ಮುಚ್ಚಿಟ್ಟ ತಪ್ಪಿಗೆ ನಾವೂ ಏನೂ ಮಾಡಾಕ ಬರೂದಿಲ್ಲ."

ಶಿರಂಗಾಲದ ಮನೆಗೆ ಹೋದ ಆ ಭಾನುವಾರ ಪುಸ್ತಕವನ್ನು ಎರಡು ಸಲ ಓದಿದೆ. ನಮ್ಮದು ಹಾಸನದ ಕಡೆಯಿಂದ ಬಂದು ಅಲ್ಲಿ ಗದ್ದೆ ಮಾಡಿದ ಮನೆತನ. ನಾನೊಬ್ಬನೇ ದಕ್ಷಿಣ ಕೊಡಗಿಗೆ ಹೋಗಿ ಎಸ್ಟೇಟು ಸೇರಿದವನು. ಹೆಂಡತಿ ತಟ್ಟೆ ಇಟ್ಟುಕೊಂಡು ಕಾದು ಕಾದು, "ಓದಿ ಓದಿ ಕೂಚು ಭಟ್ಟ ಆಗ್ಬೇಡಿ, ಸಾರು ಆರ್ತದೆ" ಅಂದಳು. ನನಗೆ ನಗು ಬಂತು. ಐವತ್ತೇಳನೇ ವಯಸ್ಸಿನಲ್ಲಿ ಮೊದಲ ಸಲ ಯಾರೋ ನನ್ನ ಕೈಗೊಂದು ಹೊಣೆ ಕೊಟ್ಟಿದ್ದರು. ಹುಚ್ಚು ಉಮೇದು ಹತ್ತಿತು.

ಪುಸ್ತಕ ಹೇಳಿದ ಹಾಗೇ, ಆ ವರ್ಷ ನಿವೃತ್ತಿಯಾಗುವವರ ಪಟ್ಟಿ ತರಿಸಿಕೊಂಡೆ. ಆರೇ ಜನ. ಪಟ್ಟಿಯ ಮೊದಲನೆಯ ಸಾಲಿನಲ್ಲಿ ಎಪ್ಪತ್ತೆರಡನೇ ನಂಬರ್ ಇತ್ತು. ನೋಡಿದವನೇ ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಆಮೇಲೆ ಎರಡು ದಿನ ಯಾರ ಮನೆಗೂ ಹೋಗಲಿಲ್ಲ.

ಎಸ್ಟೇಟಿನ ಲೈನ್ ಮನೆಗಳ ರೀತಿ ಹೊರಗಿನವರಿಗೆ ತಿಳಿಯದು. ಹಂಚಿನ ಒಂದೇ ಸೂರಿನ ಕೆಳಗೆ ಸಾಲಾಗಿ ಹತ್ತು ಮನೆ. ಆ ಮನೆ ಯಾವ ಆಳಿಗೂ ಸೇರಿದ್ದಲ್ಲ, ಹಾಜರಿ ನಂಬರಿಗೆ ಸೇರಿದ್ದು. ಕಾಯಂ ನಂಬರ್ ಇದ್ದವರಿಗೆ ಮನೆ, ಪಿಎಫ್, ಬೋನಸ್ಸು. ನಂಬರ್ ಹೋದರೆ ತಿಂಗಳೊಳಗೆ ಮನೆ ಬಿಡಬೇಕು. ಹೊಸಬರಿಗೆ ಕಾಯಂ ನಂಬರ್ ಕೊಡುವುದನ್ನು ಕಂಪನಿ ಎಂದೋ ನಿಲ್ಲಿಸಿತ್ತು. ಅದಕ್ಕೇ ಲೈನಿನವರು ನಂಬರನ್ನು ಸಾಯಲು ಬಿಡುತ್ತಿರಲಿಲ್ಲ. ಅತ್ತೆಯ ನಂಬರಿಗೆ ಸೊಸೆ, ಅಕ್ಕನ ನಂಬರಿಗೆ ತಂಗಿ ಬಂದು ನಿಲ್ಲುತ್ತಿದ್ದರು. ರೈಟರುಗಳು ಕಂಡೂ ಕಾಣದ ಹಾಗೆ ಕೂಗುತ್ತಿದ್ದರು. ಇದಕ್ಕೆ ಯಾರೂ ಮೋಸ ಅನ್ನುತ್ತಿರಲಿಲ್ಲ.

ಎಪ್ಪತ್ತೆರಡನೇ ನಂಬರಿನ ಹೆಂಗಸು ಹುಣಸೂರಿನ ಕಡೆಯವಳು. ಹದಿನೆಂಟು ವರ್ಷದ ಹಿಂದೆ, ಪಿಕ್ಕಿಂಗ್, ಅಂದರೆ ಕಾಫಿ ಕುಯ್ಲು, ಜೋರಾಗಿದ್ದಾಗ, ಜ್ವರ ಬಂದು ವಿರಾಜಪೇಟೆಯ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮನೆಯಲ್ಲಿ ಉಳಿದವಳು ಸೊಸೆ ಒಬ್ಬಳೇ. ಮಕ್ಕಳಿರಲಿಲ್ಲ, ಗಂಡ ವಯನಾಡಿನ ಕಡೆ ಕೆಲಸಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಅತ್ತೆಯನ್ನು ಮಣ್ಣು ಮಾಡಿದ ಮೂರನೇ ಬೆಳಿಗ್ಗೆ ನಾನು ರೂಢಿಯಂತೆ "ಎಪ್ಪತ್ತೆರಡು" ಅಂದೆ. ಸಾಲಿನ ತುದಿಯಿಂದ ಅವಳು "ಬಂದೆ" ಅಂದಳು. ಇಪ್ಪತ್ತೈದರ ಹುಡುಗಿ, ಅತ್ತು ಅತ್ತು ಕಣ್ಣು ಊದಿತ್ತು. ನಾನು ಹಾಜರಿ ಹಾಕಿದೆ.

ಮ್ಯಾನೇಜರಿಗೆ ಹೇಳಿದಾಗ, "ಪಿಕ್ಕಿಂಗ್ ಮುಗಿಯಲಿ, ಆಮೇಲೆ ನೋಡುವ" ಅಂದರು. ಪಿಕ್ಕಿಂಗ್ ಮುಗಿಯಿತು, ಇನ್ನೊಂದು ಪಿಕ್ಕಿಂಗ್ ಬಂತು. ಆ ಆಮೇಲೆ ಎಂಬುದು ಬರಲೇ ಇಲ್ಲ.

ಇಷ್ಟೇ ಆಗಿದ್ದರೆ ಈ ಕತೆ ಬೇರೆ ಆಗುತ್ತಿತ್ತು. ನಾನು ಇನ್ನೊಂದು ಬುದ್ಧಿವಂತಿಕೆ ಮಾಡಿದೆ. ಸಂಬಳದ ಪಟ್ಟಿಯಲ್ಲಿ ಪ್ರತಿ ನಂಬರಿನ ಎದುರು ಹೆಬ್ಬೆಟ್ಟು ಒತ್ತಬೇಕು. ಮೊದಲ ಶನಿವಾರ ಅವಳು ಕೈ ಮುಂದೆ ಚಾಚಿದಾಗ ನನಗೆ ಭಯವಾಯಿತು. ಸತ್ತವಳ ಹೆಸರಿನ ಮುಂದೆ ಈ ಹೆಣ್ಣುಮಗಳ ಗುರುತು ಬಿದ್ದರೆ, ನಾಳೆ ಯಾರಾದರೂ ಹಿಡಿದರೆ, ಜೈಲಿಗೆ ಹೋಗುವವಳು ಇವಳು.

"ನೀನು ಒತ್ತಬೇಡ ಕಣಮ್ಮ. ನಾನು ನೋಡ್ಕೋತೀನಿ" ಅಂದು ಅವಳ ಕೈಗೆ ಸಂಬಳ ಕೊಟ್ಟು ಕಳಿಸಿದೆ. ಎಲ್ಲರೂ ಹೋದ ಮೇಲೆ ಇಂಕಿನ ಪ್ಯಾಡಿಗೆ ನನ್ನ ಎಡಗೈ ಹೆಬ್ಬೆಟ್ಟು ಒತ್ತಿ ಎಪ್ಪತ್ತೆರಡರ ಎದುರು ಇಟ್ಟೆ. ಸಿಕ್ಕಿಬಿದ್ದರೆ ನಾನು ಬೀಳಲಿ, ಅವಳು ಬೇಡ ಎಂದುಕೊಂಡೆ. ಆಗ ಹಾಗೆ ಅಂದುಕೊಂಡದ್ದು ಸುಳ್ಳಲ್ಲ, ಇದನ್ನಾದರೂ ನಂಬಿ. ಆಮೇಲೆ ಪ್ರತಿ ಶನಿವಾರ ಅದೇ ಆಯಿತು. ಹದಿನೆಂಟು ವರ್ಷ ಅವಳು ಕಾಫಿ ಕುಯ್ದಳು, ಗೊಬ್ಬರ ಹೊತ್ತಳು, ಕಳೆ ತೆಗೆದಳು. ಅವಳು ದುಡಿದ ಒಂದೊಂದು ವಾರಕ್ಕೂ ನನ್ನ ಹೆಬ್ಬೆಟ್ಟು ಸಾಕ್ಷಿ.

ಪಟ್ಟಿ ಕೈಗೆ ಬಂದ ಎರಡು ದಿನ ಬಿಟ್ಟು ಈ ಸೊಸೆಯ ಮನೆಗೆ ಹೋದೆ. ಹಿಂದಿನ ಪಿಕ್ಕಿಂಗಿನಲ್ಲಿ ಹಣ್ಣಿನ ಮೂಟೆ ಹೊತ್ತು ಇಳಿಜಾರಿನಲ್ಲಿ ಜಾರಿ ಬಿದ್ದು ಅವಳ ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಏನೋ ಕೂಡಿಸಿ ಕಳಿಸಿದ್ದರು. ಬಲಗಾಲು ಎಳೆದುಕೊಂಡು ನಡೆಯುತ್ತಿದ್ದಳು, ಇನ್ನು ತೋಟದ ಕೆಲಸ ಆಗದು ಎಂದು ಡಾಕ್ಟರೇ ಬರೆದು ಕೊಟ್ಟಿದ್ದರು. ನಿವೃತ್ತಿಯ ಕಾಗದ ಆಗಲೇ ಅವಳ ಕೈ ಸೇರಿತ್ತು.

"ನಂಗ್ ಐವತ್ತೆಂಟಾ ರೈಟ್ರೇ? ನಮ್ಮತ್ತೆಗೆ ಮೊದ್ಲೇ ವಯಸ್ಸು ಕಮ್ಮಿ ಬರ್ಸಿದ್ರು. ಈಗ ಆ ವಯಸ್ಸು ನಂಗ್ ಬಂದ್ ಮೆತ್ಕೊಂಡದೆ." ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು. "ಪಿಂಚಣಿ ನಂಗ್ ಬತ್ತದಾ? ಬಂದ್ರೆ ಬಿಟ್ಟಂಗಾಲದಲ್ಲಿ ಒಂದ್ ರೂಮ್ ಮಾಡ್ಕೊಂಡು ಇದ್ಬುಡ್ತೀನಿ. ಇಲ್ದಿದ್ರೆ ಈ ಕಾಲ್ ಕಟ್ಕೊಂಡು ಎಲ್ಲೀಗ್ ಹೋಗ್ಲಿ?"

"ಬರ್ತದೆ. ನಾನು ಟ್ರಸ್ಟಿ ಅಲ್ವಾ" ಅಂದೆ. ಎಂಥಾ ಮಾತು ಆಡಿಬಿಟ್ಟೆ ನೋಡಿ.

ಅಧಿಕಾರಿಗೆ ಫೋನ್ ಮಾಡಿದೆ. ಸೊಸೆ ಅತ್ತೆಯ ನಂಬರಿನಲ್ಲಿ ದುಡಿದದ್ದನ್ನು ಹೇಳಿದೆ. ವಾರದೊಳಗೆ ಅವರೇ ಎಸ್ಟೇಟಿಗೆ ಬಂದರು. ಸುತ್ತುಬಳಸು ಇಲ್ಲದೆ ಒಂದೇ ಪ್ರಶ್ನೆ ಕೇಳಿದರು.

"ಆಕಿ ದುಡದದ್ದು ಖರೇ ಐತೇನ್ರಿ?"

"ಖರೆ ಮೇಡಂ. ಒಂದು ದಿನ ತಪ್ಪಿಲ್ಲ."

"ಹಂಗಾರ ಹೆದರಬ್ಯಾಡ್ರಿ. ದುಡದಾಕಿ ಕಡೆನ ಕಾನೂನು ಐತಿ."

ಅವರು ನನ್ನ ಪಕ್ಕ ಕೂತು ಕಾಗದದ ಮೇಲೆ ಹಂತ ಹಂತವಾಗಿ ಬರೆದು ತೋರಿಸಿದರು. ಅತ್ತೆಯ ಖಾತೆ ಅವಳು ಸತ್ತ ದಿನಕ್ಕೆ ಮುಚ್ಚಬೇಕು. ಸೊಸೆ ಹಾಜರಿಗೆ ನಿಂತ ದಿನದಿಂದ ಅವಳನ್ನು ಅವಳದೇ ಹೆಸರಿನಲ್ಲಿ ಸದಸ್ಯಳೆಂದು ಹಿಂದಿನಿಂದ ಸೇರಿಸಬೇಕು. ಕೆಲಸ ಮಾಡಲಾರದ ಸ್ಥಿತಿ ಬಂದದ್ದರಿಂದ ವಯಸ್ಸಾಗದಿದ್ದರೂ ಅವಳಿಗೆ ಪಿಂಚಣಿ ಸಿಗುವುದು. ಟ್ರಸ್ಟಿನ ಮೀಟಿಂಗಿನಲ್ಲಿ ನಿರ್ಣಯ ಮಾಡಿ ಕಳಿಸಿದರೆ ಮುಂದಿನದನ್ನು ತಾವು ನೋಡಿಕೊಳ್ಳುವುದಾಗಿ ಹೇಳಿದರು. ಬೇಕಾದದ್ದು ಒಂದೇ, ಆ ಹದಿನೆಂಟು ವರ್ಷ ಆ ನಂಬರಿನಲ್ಲಿ ದುಡಿದವಳು ಇವಳೇ ಎಂಬ ಪುರಾವೆ. ಜೊತೆಯವರ ಹೇಳಿಕೆ ಆದರೂ ಆಗಬಹುದು, ಇಲ್ಲವೇ ಸಂಬಳದ ಪಟ್ಟಿಯ ಹೆಬ್ಬೆಟ್ಟು.

ಆ ಕ್ಷಣ ನನಗೆ ಏನೂ ನೆನಪಾಗಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ನೆನಪಾಯಿತು. ಮೇಜಿನ ಕೆಳಗೆ ಎಡಗೈ ಮುಚ್ಚಿಕೊಂಡೆ. ಜೊತೆಯವರು ಇದ್ದಾರಲ್ಲ, ಇಪ್ಪತ್ತು ಜನ ಬಂದು ಹೇಳಿದರೆ ಪಟ್ಟಿ ಯಾಕೆ ಬೇಕು ಎಂದು ಸಮಾಧಾನ ಮಾಡಿಕೊಂಡೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಟ್ರಸ್ಟಿನ ಅರ್ಜಿಯನ್ನು ನಾನೇ ಬರೆದೆ. "ಸದರಿ ವಿಷಯವು ಟ್ರಸ್ಟಿನ ಗಮನಕ್ಕೆ ಬಂದಿರುತ್ತದೆ" ಎಂದು ಬರೆದೆ. ಯಾರು ಮಾಡಿದರು, ಯಾರು ಸುಮ್ಮನಿದ್ದರು ಎಂಬುದು ಇಡೀ ಅರ್ಜಿಯಲ್ಲಿ ಇರಲಿಲ್ಲ.

ಹೇಳಿಕೆ ಕೇಳಲು ಲೈನಿಗೆ ಹೋದೆ. ಒಬ್ಬರೂ ಬರಲಿಲ್ಲ. ಹತ್ತು ಮನೆಯಲ್ಲಿ ಆರು ಮನೆಯವರು ಬೇರೆಯವರ ನಂಬರಿನಲ್ಲೇ ಇದ್ದರು. ಎಪ್ಪತ್ತೆರಡರ ಬಗ್ಗೆ ಬಾಯಿಬಿಟ್ಟರೆ ನಾಳೆ ತಮ್ಮ ಬುಡಕ್ಕೇ ಬರುತ್ತದೆ ಎಂದು ಅವರಿಗೆ ಗೊತ್ತು. ಇಪ್ಪತ್ತು ವರ್ಷ ಅವಳ ಗೋಡೆಗೆ ಗೋಡೆ ಹಚ್ಚಿ ಬದುಕಿದ ಮುದುಕಿ, "ನಂಗ್ ಕಣ್ಣು ಸರೀಗ್ ಕಾಣಾಕಿಲ್ಲ ರೈಟ್ರೇ" ಅಂದಳು. ನಾನು ಅವಳನ್ನು ಬೈಯಲಿಲ್ಲ. ಯಾವ ಬಾಯಲ್ಲಿ ಬೈಯಲಿ?

ಮ್ಯಾನೇಜರ್ ನನ್ನನ್ನು ಒಂದು ಕಡೆ ಕರೆದರು. "ನಿಮಗೆ ನಿವೃತ್ತಿಗೆ ಎಂಟು ತಿಂಗಳು. ಸುಮ್ಮನೆ ಇರಿ. ಆ ವಿಷಯ ನನಗೆ ಗೊತ್ತೇ ಇರಲಿಲ್ಲ, ನೆನಪಿರಲಿ. ದಾಖಲೆ ತಿದ್ದಿದವರ ಮೇಲೆ ಕಂಪನಿ ಕೇಸು ಹಾಕ್ತದೆ. ಗ್ರಾಚ್ಯುಟಿ ಇಲ್ಲ, ಪಿಂಚಣಿ ಇಲ್ಲ. ಆಮೇಲೆ ನನ್ನನ್ನು ಹೇಳಬೇಡಿ." ಅವರಿಗೆ ಎಷ್ಟು ಗೊತ್ತಿತ್ತೋ ತಿಳಿಯದು. ಶಿರಂಗಾಲದಲ್ಲಿ ಕಟ್ಟಿಸುತ್ತಿದ್ದ ನನ್ನ ಹೊಸ ಮನೆ ಆಗ ಕಿಟಕಿಯ ಸಜ್ಜಾ ಮಟ್ಟಕ್ಕೆ ನಿಂತಿತ್ತು, ಮೇಲಿನದಕ್ಕೆ ಆ ದುಡ್ಡನ್ನೇ ನಂಬಿದ್ದೆ.

ವಿಚಾರಣೆಯ ದಿನ ಎಸ್ಟೇಟಿನ ಆಫೀಸಿನಲ್ಲಿ ಆರು ಟ್ರಸ್ಟಿಗಳು ಮೇಜಿನ ಸುತ್ತ ಕೂತಿದ್ದೆವು. ಅಧಿಕಾರಿ ಸಂಬಳದ ಪಟ್ಟಿಗಳ ಕಟ್ಟು ಬಿಚ್ಚಿದರು. ಅವಳನ್ನು ಒಳಗೆ ಕರೆದು, ಕೂರಲು ಕುರ್ಚಿ ಕೊಡಿಸಿದರು. ಆ ಆಫೀಸಿನಲ್ಲಿ ಲೈನಿನ ಹೆಂಗಸು ಕುರ್ಚಿಯಲ್ಲಿ ಕೂತದ್ದನ್ನು ನಾನು ಅಂದೇ ಕಂಡದ್ದು. ಅವರು ಒಂದು ಹಾಳೆಯನ್ನು ಅವಳ ಮುಂದೆ ಇಟ್ಟು ಬೆರಳು ತೋರಿಸಿದರು.

"ಈ ಹೆಬ್ಬೆಟ್ಟು ನಿಂದೇನವಾ?"

ಅವಳು ಹಾಳೆಯನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಅಷ್ಟೂ ಮಾಡಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತೆ. ನಾನು ಹೇಳುವುದಿದ್ದರೆ ಅದೇ ಹೊತ್ತು, ಬಾಯಿ ತೆರೆದರೆ ಮುಗಿಯುತ್ತಿತ್ತು.

"ನಂದೇ ಅಮ್ಮ. ನಾನೇ ಒತ್ತಿರೋದು" ಅಂದಳು.

ಅಧಿಕಾರಿ ಅವಳ ಬೆರಳ ಗುರುತು ತೆಗೆದುಕೊಂಡು ಪಟ್ಟಿಗಳ ಜೊತೆ ಪರೀಕ್ಷೆಗೆ ಕಳಿಸಿದರು. ವರದಿ ಬರಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ಹಾಜರಿ ಕೂಗುವಾಗ ನನ್ನ ದನಿ ನನಗೇ ಅಸಹ್ಯವಾಗುತ್ತಿತ್ತು. ಅವಳು ನಿತ್ಯ ಕಣದ ಮೂಲೆಯಲ್ಲಿ ಕೂತು ಬೀಜ ಆರಿಸುತ್ತಿದ್ದಳು. ಮನೆ ಬಿಡಿಸದಂತೆ ಅಧಿಕಾರಿ ಕಂಪನಿಯನ್ನು ಕೇಳಿಕೊಂಡಿದ್ದರು, ತೀರ್ಮಾನ ಆಗುವವರೆಗೆ ಮಾತ್ರ. ನನ್ನನ್ನು ಕಂಡಾಗಲೆಲ್ಲ ಅವಳು ಏನೋ ಕೇಳುವವಳಂತೆ ತಲೆ ಎತ್ತುತ್ತಿದ್ದಳು. ನಾನು ಬೇರೆ ದಾರಿಯಲ್ಲಿ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ಅಧಿಕಾರಿಯ ಫೋನ್ ಬಂತು. ವರದಿ ಬಂದಿರಬೇಕು, ಇನ್ನೂ ಹೊರಗೆ ಹೇಳಿರಲಿಲ್ಲ.

"ಟ್ರಸ್ಟಿಯವರ, ಮುಂದಿನ ವಾರ ಮೀಟಿಂಗ್ ಐತಿ. ಅದಕ್ಕಿಂತ ಮೊದ್ಲ ನನಗೇನಾರ ಹೇಳೂದೈತೇನ್ರಿ? ತಾವಾಗೇ ಬರದು ಕೊಟ್ಟವರ ಪರವಾಗಿ ನಾನೂ ಬರೀತೀನಿ. ಕೆಲಸ ಹೋಗ್ಲಾರದಂಗ ನೋಡೂಣು. ಆಕಿ ಕೆಲಸಾನೂ ಆಕ್ಕೈತಿ."

ಇದಕ್ಕಿಂತ ಹೆಚ್ಚಿಗೆ ಒಬ್ಬ ಮನುಷ್ಯ ಇನ್ನೊಬ್ಬನಿಗೆ ಏನು ದಾರಿ ಕೊಡಬಹುದು? ಕಾಫಿ ಗಿಡದ ಸಾಲಿನಲ್ಲಿ ನಿಂತಿದ್ದೆ, ಸುತ್ತ ಯಾರೂ ಇರಲಿಲ್ಲ.

"ಏನಿಲ್ಲ ಮೇಡಂ. ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ" ಅಂದು ಫೋನ್ ಇಟ್ಟೆ. ಛೀ, ಎಂಥಾ ಜನ್ಮ ನನ್ನದು.

ಮೀಟಿಂಗಿನಲ್ಲಿ ವರದಿ ಓದಿದರು. ಹದಿನೆಂಟು ವರ್ಷದ ಗುರುತುಗಳು ಸತ್ತವಳವೂ ಅಲ್ಲ, ಈ ಹೆಂಗಸಿನವೂ ಅಲ್ಲ. ಯಾರೋ ಮೂರನೆಯವರವು, ಎಲ್ಲವೂ ಒಂದೇ ಕೈಯವು. ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಯಾರದು?" ಎಂದು ಕೇಳಿದರು. ಯಾರನ್ನೂ ನೋಡಿ ಕೇಳಲಿಲ್ಲ. ಸ್ವಲ್ಪ ಹೊತ್ತು ಕಾದರು. ಆಮೇಲೆ ಬರೆದರು: ದುಡಿದವರು ಯಾರೆಂದು ಸಾಬೀತಾಗಿಲ್ಲ, ಸದರಿ ಹೆಂಗಸಿನ ಹೇಳಿಕೆ ಪರೀಕ್ಷೆಯಲ್ಲಿ ಸುಳ್ಳೆಂದು ಕಂಡಿದೆ, ಹೊಸ ಪುರಾವೆ ಬಂದರೆ ಕಡತವನ್ನು ಮತ್ತೆ ತೆರೆಯಬಹುದು. ಬರೆಯುವಾಗ ಅವರ ಮುಖ ಕಪ್ಪಿಟ್ಟಿತ್ತು. ಕೆಲಸಗಾರರ ಕಡೆಯ ಟ್ರಸ್ಟಿ ಎಂದಿದ್ದ ಜಾಗದಲ್ಲಿ ನಾನು ಸೈನ್ ಮಾಡಿದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರೆ. ಸುಳ್ಳು ಹೇಳಿಕೆ ಕೊಟ್ಟವಳು ಎಂದು ಕಂಪನಿ ಅವಳಿಗೆ ಏಳು ದಿನದಲ್ಲಿ ಮನೆ ಖಾಲಿ ಮಾಡಲು ಹೇಳಿತು. ಲೈನ್ ಮನೆಯ ವಿಷಯ ಪಿಂಚಣಿಯ ಕಚೇರಿಯ ಕೈಯಲ್ಲಿ ಇರಲಿಲ್ಲ. ಅವಳು ಯಾರ ಹತ್ತಿರವೂ ಜಗಳ ಆಡಲಿಲ್ಲ. ಏಳನೇ ದಿನ ಬೆಳಿಗ್ಗೆ ಬಟ್ಟೆಯ ಎರಡು ಗಂಟು, ಒಂದು ಸ್ಟೀಲಿನ ಕೊಡ, ಪಾತ್ರೆಯ ಒಂದು ಚೀಲ ಹೊರಗಿಟ್ಟಳು. ಅಷ್ಟನ್ನು ಆ ಕಾಲಿನಲ್ಲಿ ಹೊರಲಾರಳು. ಯಾರೂ ಬಾಗಿಲಿಂದ ಹೊರಗೆ ಬಾರದ್ದರಿಂದ ನಾನೇ ಎರಡು ಗಂಟು, ಪಾತ್ರೆಯ ಚೀಲ ಎತ್ತಿಕೊಂಡು ರಸ್ತೆಯವರೆಗೆ ನಡೆದೆ. ಅವಳು ಕೊಡವನ್ನು ಸೊಂಟಕ್ಕೆ ಇಟ್ಟುಕೊಳ್ಳಲಾರದೆ ಕೈಯಲ್ಲಿ ತೂಗಾಡಿಸಿಕೊಂಡು ಹಿಂದೆ ಬಂದಳು.

ಬಸ್ಸಿಗೆ ಕಾಯುತ್ತ ನಿಂತಾಗ ನನಗೆ ಏನಾದರೂ ಮಾತಾಡಲೇಬೇಕು ಅನ್ನಿಸಿತು.

"ಮೇಲಿನೋರು ಒಪ್ಪಲಿಲ್ಲ ಕಣಮ್ಮ. ನಾನು ಮಾಡೋದೆಲ್ಲ ಮಾಡ್ದೆ."

ಅವಳು ರಸ್ತೆ ನೋಡುತ್ತಿದ್ದಳು. ಸಿಟ್ಟಿರಲಿಲ್ಲ ದನಿಯಲ್ಲಿ.

"ನಾನ್ ಒಂದ್ ಸಲನೂ ಒತ್ತಿಲ್ವಲ್ಲ ರೈಟ್ರೇ. ನೀವೇ ಬ್ಯಾಡ ಅಂದಿದ್ರಿ. ಆವತ್ತು ಆ ಯಮ್ಮ ಕೇಳ್ದಾಗ ನಿಮ್ ಮೊಕ ನೋಡ್ದೆ. ನೀವ್ ಯೋಳ್ಲಿಲ್ಲ. ಸರಿ, ನಿಮ್ಗೆ ಏನೋ ತೊಂದ್ರೆ ಆಯ್ತದೆ, ನಿಮ್ ಅನ್ನಕ್ ಯಾಕ್ ಕಲ್ ಹಾಕ್ಲಿ ಅಂತ ನಂದೇ ಅಂದ್ಬುಟ್ಟೆ. ಆಮ್ಯಾಕಾದ್ರೂ ಯೋಳ್ತೀರಿ ಅಂತ ಎಲ್ಡ್ ತಿಂಗ್ಳು ಕಾದೆ."

ಬಸ್ಸು ಬಂತು. ನಾನು ಗಂಟುಗಳನ್ನು ಒಳಗೆ ಕೊಟ್ಟೆ. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ಇಂಜಿನ್ನಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.

ನಾನು ನಿವೃತ್ತಿಗೆ ಉಳಿದಿದ್ದ ತಿಂಗಳು ಮುಗಿಸಿದೆ. ಹಾರ ಹಾಕಿ ಕಳಿಸಿದರು. ನನ್ನ ಕಾಗದಪತ್ರ ಎಲ್ಲ ಅಚ್ಚುಕಟ್ಟಾಗಿತ್ತು, ನಾನೇ ಟ್ರಸ್ಟಿಯಲ್ಲವೇ, ಒಂದು ತಿಂಗಳೂ ತಡವಾಗದೆ ಪಿಂಚಣಿ ಶುರುವಾಯಿತು. ಮನೆಗೆ ತಾರಸಿ ಬಿತ್ತು. ಆಮೇಲೆ, ನನ್ನಿಂದ ಯಾರೂ ಏನೂ ಕಿತ್ತುಕೊಳ್ಳಲಾರರು ಎಂದು ಖಾತ್ರಿಯಾದ ಮೇಲೆ, ನಾನು ಆ ಅಧಿಕಾರಿಗೆ ನಾಲ್ಕು ಪುಟದ ಹೇಳಿಕೆ ಬರೆದು ಸೈನ್ ಮಾಡಿ, ಎಡಗೈ ಹೆಬ್ಬೆಟ್ಟನ್ನೂ ಒತ್ತಿ ಕಳಿಸಿದೆ. ಹೆಂಡತಿ ಓದಿ ನೋಡಿ ಒಳಗೆ ಹೋದಳು. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಬರೆದದ್ದಕ್ಕಲ್ಲ, ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ.

ಅಧಿಕಾರಿ ಫೋನ್ ಮಾಡಿದರು. ನಾನು ಬೈಗುಳಕ್ಕೆ ತಯಾರಾಗಿದ್ದೆ. ಅವರು ಬೈಯಲಿಲ್ಲ. "ಈಗಾರ ಬರದ್ರಲ್ಲ" ಅಂದರು. ಹೇಳಿಕೆ ಸಾಕು, ಕಡತ ತೆರೆದಿದ್ದೇವೆ, ಆಕೆಯ ಹದಿನೆಂಟು ವರ್ಷವೂ ಆಕೆಯದೇ ಆಗುತ್ತದೆ ಎಂದರು. ಇನ್ನು ಬೇಕಾದದ್ದು ಅವಳದೇ ಒಂದು ಹೆಬ್ಬೆಟ್ಟು. ಕಚೇರಿ ಕಳಿಸಿದ ಎರಡು ಪತ್ರ ವಿಳಾಸದಾರರು ಇಲ್ಲ ಎಂದು ವಾಪಸು ಬಂದಿದ್ದವು. "ಆಕಿನ್ನ ಹುಡುಕಿ ಕೊಡ್ರಿ."

ಹುಡುಕಿದೆ. ಹುಣಸೂರಿನ ಕಡೆಯ ಅವಳ ಅತ್ತೆಯ ಊರಿಗೆ ಹೋದೆ, ಅವರಿಗೆ ಅವಳ ನೆನಪೇ ಇರಲಿಲ್ಲ. ವಾರದ ಸಂತೆಗಳಲ್ಲಿ ಕಾಲೆಳೆದು ನಡೆಯುವ ಹೆಂಗಸರನ್ನೆಲ್ಲ ಮುಂದೆ ಹೋಗಿ ತಿರುಗಿ ನೋಡಿದೆ. ಎಸ್ಟೇಟಿನಿಂದ ಎಸ್ಟೇಟಿಗೆ ಹೋಗಿ ಅವಳ ಹೆಸರು ಹೇಳಿ ಕೇಳಿದೆ. ಯಾವ ಹಾಜರಿ ಪುಸ್ತಕದಲ್ಲೂ ಆ ಹೆಸರಿರಲಿಲ್ಲ.

ಕಳೆದ ಪಿಕ್ಕಿಂಗಿನ ಹೊತ್ತಿಗೆ ಪೊನ್ನಂಪೇಟೆಯ ಆಚೆ ಒಂದು ತೋಟದಲ್ಲಿ ಅಂಥವಳೊಬ್ಬಳು ಬೀಜ ಆರಿಸಲು ಬರುತ್ತಾಳೆ ಎಂದು ಜೀಪಿನವನೊಬ್ಬ ಹೇಳಿದ. ಅಂದೇ ಹೋದೆ. ಗೇಟಿನ ಹತ್ತಿರವೇ ಅಲ್ಲಿಯ ರೈಟರ್ ಸಿಕ್ಕಿದ. ಮೂವತ್ತರ ಹರೆಯದವನು, ಕಂಕುಳಲ್ಲಿ ಹಾಜರಿ ಪುಸ್ತಕ. ಅವಳ ಹೆಸರು ಹೇಳಿದೆ, ಸೊಂಟ ಮುರಿದದ್ದು ಹೇಳಿದೆ. ಪಿಂಚಣಿ ಕಚೇರಿಯಿಂದ ಬಂದದ್ದು, ಅವಳಿಗೆ ಒಳ್ಳೆಯದಾಗುತ್ತದೆ ಎಂದೆ.

ಪಿಂಚಣಿ, ಕಚೇರಿ ಎಂಬ ಮಾತು ಬಿದ್ದದ್ದೇ ಅವನ ಕಣ್ಣು ಒಂದು ಗಳಿಗೆ ಕಣದ ಕಡೆ ಹೋಗಿ ಬಂತು. ಕಣದಲ್ಲಿ ಹೆಂಗಸರು ನಮಗೆ ಬೆನ್ನು ಮಾಡಿ ಸಾಲಾಗಿ ಕೂತಿದ್ದರು.

"ಅಂಥೋರು ಯಾರೂ ನಮ್ಮಲ್ಲಿಲ್ಲ ಸಾರ್. ನಮ್ಮ ಪಟ್ಟೀಲಿರೋರೆಲ್ಲ ಹಳೇ ನಂಬರಿನೋರೇ" ಅಂದ.

ಅವನು ಸುಳ್ಳು ಹೇಳುತ್ತಿದ್ದಾನೆಂದು ನನಗೆ ಗೊತ್ತಾಯಿತು. ಯಾಕೆ ಹೇಳುತ್ತಿದ್ದಾನೆಂದೂ ಗೊತ್ತಾಯಿತು. ಯಾವಳೋ ಸತ್ತವಳ ನಂಬರಿನಲ್ಲಿ ಅವಳಿಗೊಂದು ಲೈನ್ ಮನೆ ಉಳಿಸಿಕೊಟ್ಟಿದ್ದ. ನಾನು ಗಟ್ಟಿಯಾಗಿ ಅವಳ ಹೆಸರು ಕೂಗಿದೆ. ಸಾಲಿನಲ್ಲಿ ಒಬ್ಬರೂ ತಿರುಗಲಿಲ್ಲ. ಮತ್ತೊಮ್ಮೆ ಕೂಗಿದೆ. ರೈಟರ್ ನನ್ನ ತೋಳು ಹಿಡಿದು ಗೇಟಿನ ಆಚೆ ನಡೆಸಿದ. "ಬಡವರು ಸಾರ್, ಬಿಟ್ಬಿಡಿ" ಅಂದ. ಒಳ್ಳೆಯ ಮನುಷ್ಯ. ಅವಳ ಹೆಬ್ಬೆಟ್ಟಿಗಾಗಿ ಅಧಿಕಾರಿ ಕಳಿಸಿದ್ದ ಕಾಗದವನ್ನು ಅವನ ಕೈಗೇ ಕೊಟ್ಟೆ. ಅವನು ಅದನ್ನು ಓದದೆ ನಾಲ್ಕಾಗಿ ಮಡಚಿ ಹಾಜರಿ ಪುಸ್ತಕದ ಒಳಗೆ ಇಟ್ಟುಕೊಂಡ.